ಕ್ವಿಯರ್ ವ್ಯಕ್ತಿಗಳ ಭಾವಚಿತ್ರ: ವೃತ್ತಿ ಛಾಯಾಗ್ರಾಹಕಿಯೊಂದಿಗೆ ಪ್ರಶ್ನೋತ್ತರ

ಹೊಸ ಸದಸ್ಯ: ನಮಸ್ಕಾರ ಮೇಡಂ. ಕ್ವಿಯರ್ (ಸಲಿಂಗಿಗಳು, ಟ್ರಾನ್ಸ್ ಜನರು ಮುಂತಾದ ಲೈಂಗಿಕ, ಲಿಂಗ ಅಲ್ಪಸಂಖ್ಯಾತರು) ಎಂದು ತಮ್ಮ ಬಗ್ಗೆ ಬಹಿರಂಗವಾಗಿ ಹೇಳಿಕೊಂಡಿರುವ ಕೆಲವರ ಭಾವಚಿತ್ರ ಸರಣಿ ಮಾಡಬೇಕೆಂದಿದ್ದೇನೆ. ಯಾವ ಲೆನ್ಸ್ ಒಳ್ಳೆಯದು?

ಉತ್ತರ: ನಮಸ್ಕಾರ. 85 ಮಿ.ಮೀ. ಇದ್ದರೆ ಅದು, ಇಲ್ಲದಿದ್ದರೆ 50. ಲೆನ್ಸಿಗಿಂತ ದೂರ ಮುಖ್ಯ. ತೀರಾ ಹತ್ತಿರ ಹೋದರೆ ಮೂಗು ಮುಂದೆ ಬಂದು ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ಒಂದೂವರೆ, ಎರಡು ಮೀಟರ್ ದೂರ ನಿಲ್ಲಿ.

ವಿದ್ಯಾರ್ಥಿ: ನೋಡಿದ ಕೂಡಲೇ ಇವರು ಕ್ವಿಯರ್ ಎಂದು ತಿಳಿಯುವಂತೆ ತೆಗೆಯುವುದು ಹೇಗೆ? ಕಾಮನಬಿಲ್ಲಿನ ಬಾವುಟ ಹಿಡಿಸಿದರೆ ಸಾಕೇ?

ಉತ್ತರ: ಅವರೇ ತಂದರೆ ಹಿಡಿಯಲಿ. ನೀವು ಹಿಡಿಸಬೇಡಿ.

ಮದುವೆ ಛಾಯಾಗ್ರಾಹಕ: ಟ್ರಾನ್ಸ್ ಮಹಿಳೆಯೊಬ್ಬರ ಚಿತ್ರ ತೆಗೆದಿದ್ದೇನೆ. ಗಡ್ಡದ ನೆರಳು, ದವಡೆಯ ಅಂಚು ಎದ್ದು ಕಾಣುತ್ತಿವೆ. ತಿದ್ದಿ ಕೊಡಲೇ?

ಉತ್ತರ: ಕೇಳದೆ ತಿದ್ದಬೇಡಿ. ಕೆಲವರಿಗೆ ಅದು ಮರೆಯಾಗಬೇಕು, ಕೆಲವರು ಅದನ್ನು ತಮ್ಮ ಮುಖವೆಂದೇ ಒಪ್ಪಿಕೊಂಡಿರುತ್ತಾರೆ. ನಿರ್ಧಾರ ನಿಮ್ಮದಲ್ಲ. ಪಕ್ಕದಿಂದ ಬೀಳುವ ಗಡುಸು ಬೆಳಕು ಚರ್ಮದ ಪ್ರತಿ ಉಬ್ಬುತಗ್ಗನ್ನೂ ಎತ್ತಿ ತೋರಿಸುತ್ತದೆ. ದೊಡ್ಡ ಕಿಟಕಿಯ ಕಡೆ ಮುಖ ಮಾಡಿಸಿ ಕೂರಿಸಿದರೆ ತಿದ್ದುವ ಕೆಲಸವೇ ಬಹಳ ಕಡಿಮೆಯಾಗುತ್ತದೆ. ಮೊದಲ ನಾಲ್ಕೈದು ಚಿತ್ರಗಳನ್ನು ಕ್ಯಾಮೆರಾದಲ್ಲೇ ತೋರಿಸಿ, "ಇದರಲ್ಲಿ ನಿಮಗೆ ಏನು ಹಿಡಿಸಲಿಲ್ಲ?" ಎಂದು ಕೇಳಿ.

ಫಿಲ್ಮ್ ಪ್ರೇಮಿ: ಕಪ್ಪು ಬಿಳುಪು ಫಿಲ್ಮಿನಲ್ಲಿ ತೆಗೆದರೆ ಮೈಬಣ್ಣ ಸರಿಯಾಗಿ ಬರುತ್ತದೆಯೇ?

ಸದಸ್ಯೆ: ಮೇಡಂ, ಒಂದು ಗೊಂದಲ. ಕೆಲವು ವರ್ಷಗಳ ಹಿಂದೆ ಒಬ್ಬರ ಭಾವಚಿತ್ರ ತೆಗೆದೆ. ಆಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು, ಹೆಸರು ಹಾಕಿ ಎಂದು ಅವರೇ ಹೇಳಿದ್ದರು. ಪ್ರದರ್ಶನವೂ ಆಯಿತು. ಈಗ ಅವರು ಸಲಿಂಗ ಸಂಬಂಧ ಅಪರಾಧವಾಗಿರುವ ದೇಶಕ್ಕೆ ಕೆಲಸಕ್ಕೆ ಹೋಗುತ್ತಿದ್ದಾರೆ. ಚಿತ್ರ ತೆಗೆದುಹಾಕಿ ಎಂದು ಕೇಳುತ್ತಿದ್ದಾರೆ. ನನ್ನ ಸರಣಿಯ ಮುಖ್ಯ ಚಿತ್ರವೇ ಅದು. ಸಹಿ ಇದೆಯಲ್ಲ, ಏನು ಮಾಡಲಿ?

ಉತ್ತರ: ಈ ದಿನವೇ ತೆಗೆಯಿರಿ. ಉಳಿದ ಮಾತು ಆಮೇಲೆ.

ಸಹಿ ನಿಮ್ಮನ್ನು ಮೊಕದ್ದಮೆಯಿಂದ ಕಾಪಾಡಬಹುದು, ಅವರನ್ನು ಯಾವುದರಿಂದಲೂ ಕಾಪಾಡುವುದಿಲ್ಲ. ಒಂದು ಊರಿನಲ್ಲಿ, ಗೆಳೆಯರ ನಡುವೆ ಬಹಿರಂಗವಾಗಿರುವವರು ಎಲ್ಲ ಕಡೆ, ಎಲ್ಲ ಕಾಲಕ್ಕೂ ಹಾಗೆಯೇ ಇರಬೇಕೆಂದಿಲ್ಲ. 2010ರಲ್ಲಿ ಉಗಾಂಡಾದ ಪತ್ರಿಕೆಯೊಂದು ಸಲಿಂಗಿಗಳೆಂದು ಹಲವರ ಹೆಸರು, ಚಿತ್ರಗಳನ್ನು ಅಚ್ಚು ಹಾಕಿ, ಇವರನ್ನು ಗಲ್ಲಿಗೇರಿಸಿ ಎಂದು ಬರೆಯಿತು. ಹೋರಾಟಗಾರ ಡೇವಿಡ್ ಕಾಟೊ ಮತ್ತಿತರರು ನ್ಯಾಯಾಲಯಕ್ಕೆ ಹೋಗಿ ಗೆದ್ದರು. 2011ರ ಜನವರಿಯಲ್ಲಿ ಕಾಟೊ ಅವರನ್ನು ಅವರ ಮನೆಯಲ್ಲೇ ಕೊಂದರು. ಮುಖವೂ ಹೆಸರೂ ಒಟ್ಟಿಗೆ ಅಚ್ಚಾದರೆ ಎಲ್ಲಿಗೆ ಹೋಗಿ ಮುಟ್ಟಬಹುದು ಎಂದು ತಿಳಿದಿರಲಿ ಎಂದೇ ಇದನ್ನು ಹೇಳುತ್ತಿದ್ದೇನೆ.

ಮೊದಲು ನಿಮ್ಮ ಜಾಲತಾಣದಿಂದ, ಸಾಮಾಜಿಕ ಜಾಲತಾಣದ ಖಾತೆಗಳಿಂದ ತೆಗೆಯಿರಿ. ಪ್ರದರ್ಶನ ನಡೆಸಿದವರಿಗೆ, ಚಿತ್ರ ಹಾಕಿದ ಪತ್ರಿಕೆಗಳಿಗೆ ಲಿಖಿತವಾಗಿ ಕೇಳಿ. ಚಿತ್ರವನ್ನೇ ಕೊಟ್ಟು ಹುಡುಕುವ ಸೌಲಭ್ಯ ಬಳಸಿ ಇನ್ನೆಲ್ಲಿ ಉಳಿದಿದೆ ನೋಡಿ, ಹೆಸರು ಕೊಟ್ಟೂ ಹುಡುಕಿ. ಮೂಲ ಪುಟ ಅಳಿಸಿದ ಮೇಲೂ ಹುಡುಕಾಟದಲ್ಲಿ ಹಳೆಯ ನಕಲು ಕಾಣುತ್ತಿದ್ದರೆ, ಅದನ್ನು ತೆಗೆಸಲು ಗೂಗಲ್‌ನಲ್ಲಿ ಅರ್ಜಿ ನಮೂನೆ ಇದೆ. ಅಚ್ಚಾದ ಕ್ಯಾಟಲಾಗನ್ನು ಹಿಂದಕ್ಕೆ ತರಲಾಗದು. ಅದನ್ನು ಅವರಿಗೆ ನೇರವಾಗಿ ಹೇಳಿ. ಪ್ರಯಾಣದ ನಿರ್ಧಾರಕ್ಕೆ ಆ ಮಾಹಿತಿ ಅವರಿಗೆ ಬೇಕು.

ಇನ್ನು ಮುಂದೆ ಒಪ್ಪಿಗೆ ಪತ್ರದಲ್ಲಿ ಪ್ರದರ್ಶನ, ಅಚ್ಚು, ಅಂತರ್ಜಾಲ, ಮಾರಾಟ ಇವಕ್ಕೆ ಬೇರೆ ಬೇರೆ ಸಹಿ ಇರಲಿ. ಹೆಸರು ಹಾಕಲು ಇನ್ನೊಂದು. ಒಪ್ಪಿಗೆ ಹಿಂಪಡೆಯುವ ದಾರಿಯನ್ನೂ ಅದರಲ್ಲೇ ಬರೆಯಿರಿ.

ಹಿರಿಯ ಸದಸ್ಯ: ಇಷ್ಟೆಲ್ಲ ಏಕೆ? ನನಗೆ ಬಂದ ಫಾರ್ವರ್ಡ್ ಹಾಕುತ್ತಿದ್ದೇನೆ: ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಗುರುತು ಸಿಗುವುದಿಲ್ಲ. "ನನ್ನ ಚಿತ್ರ ಬಳಸಲು ಅನುಮತಿ ಇಲ್ಲ" ಎಂದು ಪ್ರೊಫೈಲಿನಲ್ಲಿ ಅಂಟಿಸಿದರೆ ಕಾನೂನಿನ ರಕ್ಷಣೆ ಇದೆ.

ಉತ್ತರ: ಎರಡೂ ಸುಳ್ಳು. ದಯವಿಟ್ಟು ಇದನ್ನು ಮುಂದೆ ಕಳುಹಿಸಬೇಡಿ, ಯಾರೋ ನಂಬಿ ಅಪಾಯಕ್ಕೆ ಸಿಲುಕುತ್ತಾರೆ. ಪರಿಚಯದವರು ಬಾಯಿ, ಕೂದಲು, ಹಚ್ಚೆ, ಗೋಡೆಯ ಬಣ್ಣ ನೋಡಿಯೇ ಗುರುತಿಸುತ್ತಾರೆ. ಮುಖ ಕಾಣಬಾರದೆಂದಿದ್ದರೆ ತೆಗೆಯುವಾಗಲೇ ಕಾಣದಂತೆ ತೆಗೆಯಿರಿ. ಚಿತ್ರದ ಕಡತದೊಳಗೆ ದಿನಾಂಕ, ಕೆಲವೊಮ್ಮೆ ಜಿಪಿಎಸ್ ಸ್ಥಳವೂ ಇರುತ್ತದೆ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಆ ಮಾಹಿತಿಯೂ ಜೊತೆಗೇ ಹೋಗುತ್ತದೆ. ಅಳಿಸಿ ಕಳುಹಿಸಿ.

ಹಿರಿಯ ಸದಸ್ಯ: ನನ್ನ ಪ್ರಶ್ನೆಯೇ ಬೇರೆ. ಮನುಷ್ಯರ ಭಾವಚಿತ್ರ ಎಂದರೆ ಸಾಲದೇ? ಕ್ವಿಯರ್ ಎಂಬ ಹಣೆಪಟ್ಟಿ ಏಕೆ?

ಕ್ವಿಯರ್ ಸದಸ್ಯ: ಪೊಲೀಸ್ ಕಡತದಲ್ಲಿ, ಹೀಯಾಳಿಸುವ ಸುದ್ದಿಯಲ್ಲಿ ನಮ್ಮ ಚಿತ್ರಕ್ಕೆ ಹಣೆಪಟ್ಟಿ ಹಚ್ಚಿದಾಗ ಈ ಪ್ರಶ್ನೆ ಯಾರೂ ಕೇಳಲಿಲ್ಲ. ಝನೇಲೆ ಮುಹೋಲಿ 2006ರಿಂದ ದಕ್ಷಿಣ ಆಫ್ರಿಕಾದ ಕಪ್ಪು ಲೆಸ್ಬಿಯನ್ನರ, ಟ್ರಾನ್ಸ್ ಜನರ ಭಾವಚಿತ್ರಗಳನ್ನು ತೆಗೆಯುತ್ತಾ ಬಂದಿದ್ದಾರೆ. ಅವರಲ್ಲಿ ಕೆಲವರು ಈಗ ಬದುಕಿಲ್ಲ. ನಾವು ಇದ್ದೆವು ಎನ್ನಲು ಆ ಚಿತ್ರಗಳು ಇವೆ.

ಹಿರಿಯ ಸದಸ್ಯ: ನಾನು ಯಾರನ್ನೂ ಹೀಯಾಳಿಸಿಲ್ಲ. ನಿಮಗೆ ಎಲ್ಲದರಲ್ಲೂ ಅವಮಾನವೇ ಕಾಣುತ್ತದೆ.

ಕ್ವಿಯರ್ ಸದಸ್ಯ: ನಿಮಗೆ ಯಾವುದರಲ್ಲೂ ಕಾಣುವುದಿಲ್ಲ. ಮುಂದೆ ಮಾತನಾಡುವುದಿಲ್ಲ.

ಉತ್ತರ: ಇಬ್ಬರೂ ನಿಲ್ಲಿಸಿ. ಹೆಸರಿಡುವುದು ಚಿತ್ರದಲ್ಲಿರುವವರ ಹಕ್ಕು. ಅವರು ಕ್ವಿಯರ್ ಎಂದು ಬರೆಯಿರಿ ಎಂದರೆ ಬರೆಯಿರಿ, ಬೇಡವೆಂದರೆ ಬಿಡಿ. ಮುಹೋಲಿ ಅವರ ಮಾತು ಬಂದಿದ್ದರಿಂದ ಹೇಳುತ್ತೇನೆ: 2012ರಲ್ಲಿ ಅವರ ಮನೆಗೆ ನುಗ್ಗಿದ ಕಳ್ಳರು ವರ್ಷಗಳ ಕೆಲಸವಿದ್ದ ಹಾರ್ಡ್ ಡ್ರೈವ್‌ಗಳನ್ನು ಒಯ್ದರು. ಪಾಸ್‌ವರ್ಡ್ ಇಟ್ಟು ಗೂಢಲಿಪೀಕರಿಸಿದ (ಪಾಸ್‌ವರ್ಡ್ ಇಲ್ಲದೆ ತೆರೆದು ನೋಡಲಾಗದ) ನಿಮ್ಮ ಚಿತ್ರಗಳ ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿ ಇರಲಿ.

ಫಿಲ್ಮ್ ಪ್ರೇಮಿ: ನನ್ನ ಪ್ರಶ್ನೆ ಹಾಗೇ ಉಳಿದಿದೆ.

ಇನ್ನೊಬ್ಬ ಸದಸ್ಯ: 85 ಬದಲು 35 ಮಿ.ಮೀ. ನಡೆಯುತ್ತದೆಯೇ? ಜೊತೆಗೆ ಕಾಮನಬಿಲ್ಲಿನ ಬಣ್ಣದ ದೀಪ?

ಉತ್ತರ: ಎರಡಕ್ಕೂ ಮೇಲೆ ಉತ್ತರಿಸಿದ್ದೇನೆ. ಓದಿ.

ಸದಸ್ಯೆ: ನನ್ನ ತಾಣದಿಂದ ತೆಗೆದೆ. ಪ್ರದರ್ಶನದವರು ನಾಳೆ ತೆಗೆಯುತ್ತೇವೆ ಎಂದಿದ್ದಾರೆ. ದೊಡ್ಡ ಮುದ್ರಣ ನನ್ನ ಬಳಿಯೇ ಇದೆ. ಹರಿದುಹಾಕಲೇ?

ಉತ್ತರ: ಚಿತ್ರದಲ್ಲಿರುವವರನ್ನೇ ಕೇಳಿ. ಇಟ್ಟುಕೊಳ್ಳುತ್ತೇನೆ ಎಂದರೆ ಕೈಯಾರೆ ಕೊಟ್ಟು ಬನ್ನಿ, ಅಂಚೆಯಲ್ಲಿ ಕಳುಹಿಸಬೇಡಿ. ನಾಳೆ ಪ್ರದರ್ಶನದವರ ಪುಟವನ್ನು ನೀವೇ ತೆರೆದು ನೋಡಿ, ತೆಗೆದಿದ್ದಾರೋ ಇಲ್ಲವೋ ಇಲ್ಲಿ ತಿಳಿಸಿ.