ಕಾರಿನ ಡಿಕ್ಕಿಗೆ ಡಿಕ್ಕಿ: ಬರವಣಿಗೆಯಲ್ಲಿ ಈ ಎರಡನ್ನು ಹೇಗೆ ಬೇರ್ಪಡಿಸುವುದು?

ಪದಚರ್ಚೆಯ ಬಳಗಕ್ಕೆ ನಮಸ್ಕಾರ.

ಕಳೆದ ತಿಂಗಳು ನಾನು ಕನ್ನಡದಲ್ಲಿ ಒಂದು ದೂರು ಬರೆಯಬೇಕಾಯಿತು. ಸಿಗ್ನಲ್ಲಿನಲ್ಲಿ ನಿಂತಿದ್ದ ನಮ್ಮ ಕಾರಿಗೆ ಹಿಂದಿನಿಂದ ಒಂದು ಗೂಡ್ಸ್ ಆಟೊ ಬಂದು ಗುದ್ದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ವಿಮೆಗೆ ಬೇಕಾಗುತ್ತದೆ ಎಂದು ಠಾಣೆಯ ಬೆಂಚಿನ ಮೇಲೆ ಕುಳಿತು ಬರೆಯತೊಡಗಿದೆ. ಎರಡನೆಯ ವಾಕ್ಯ ಹೀಗೆ ಬಂತು: ‘ಸದರಿ ಆಟೊ ನಮ್ಮ ಕಾರಿನ ಡಿಕ್ಕಿಗೆ ಡಿಕ್ಕಿ ಹೊಡೆದಿದ್ದರಿಂದ ಡಿಕ್ಕಿ ತೆರೆಯಲು ಬರುತ್ತಿಲ್ಲ.’ ಇಪ್ಪತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು ನಾನು. ಇದನ್ನು ವಿದ್ಯಾರ್ಥಿಯೊಬ್ಬ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಆದರೆ ಗೆರೆ ಎಳೆದ ಮೇಲೆ ಪಕ್ಕದಲ್ಲಿ ಯಾವ ಪದ ಬರೆಯುತ್ತಿದ್ದೆ? ಅದೇ ನನ್ನ ಪ್ರಶ್ನೆ.

ಕಾರಿನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದಕ್ಕೂ ಈ ಪದಕ್ಕೂ ಸಂಬಂಧವಿದೆ. ನಮ್ಮದು ಟೊಯೊಟಾ ಇಟಿಯೋಸ್. ಹೆಸರು ಜಪಾನಿನದು, ಹುಟ್ಟಿದ್ದು ಬಿಡದಿಯ ಕಾರ್ಖಾನೆಯಲ್ಲಿ. 2010ರ ಡಿಸೆಂಬರ್‌ನಲ್ಲಿ ಅದು ಬಿಡುಗಡೆಯಾದಾಗ ಆರಂಭದ ಬೆಲೆ 4.96 ಲಕ್ಷ ರೂಪಾಯಿ ಇತ್ತು. ಮಧ್ಯಮ ವರ್ಗದ ಒಂದು ಕುಟುಂಬ ಟೊಯೊಟಾ ಕಾರನ್ನು ಕೊಳ್ಳಬಹುದು ಎಂದು ನಮ್ಮ ಮನೆಯಲ್ಲಿ ಮಾತು ಶುರುವಾದದ್ದೇ ಆಗ. 2013ರಲ್ಲಿ ಅಪ್ಪ ತಮ್ಮ ನಿವೃತ್ತಿಯ ಹಣದಲ್ಲಿ ಪೆಟ್ರೋಲ್ ಕಾರನ್ನೇ ಕೊಂಡರು. ಅಂಗಡಿಯಲ್ಲಿ ಅವರು ಬಣ್ಣ ಕೇಳಲಿಲ್ಲ, ಎಂಜಿನ್ ಎಷ್ಟು ದೊಡ್ಡದು ಎಂದೂ ಕೇಳಲಿಲ್ಲ. ಡಿಕ್ಕಿ ತೆಗೆಸಿ, ಒಳಗೆ ಬಗ್ಗಿ, ಗೇಣು ಹಾಕಿ ಅಳೆದರು. 595 ಲೀಟರ್ ಜಾಗ. ಅರಸೀಕೆರೆಯ ತೋಟದಿಂದ ಮೈಸೂರಿನ ಮನೆಗೆ ತೆಂಗಿನಕಾಯಿ ಮೂಟೆ, ಹಲಸಿನ ಹಣ್ಣು, ರಾಗಿ ಹಿಟ್ಟಿನ ಡಬ್ಬಗಳು ಎಲ್ಲವೂ ಹನ್ನೊಂದು ವರ್ಷ ಆ ಜಾಗದಲ್ಲೇ ಬಂದವು. ಈಗ ಅಪ್ಪನಿಗೆ ಕಣ್ಣು ಮಂಜಾಗಿದೆ, ಕಾರು ಓಡಿಸುವವಳು ನಾನು. ಆ ಮಾದರಿಯ ತಯಾರಿಕೆ 2020ರಲ್ಲೇ ನಿಂತುಹೋಗಿದೆ, ಆದರೂ ಇದನ್ನು ಮಾರಲು ನನಗೆ ಮನಸ್ಸಿಲ್ಲ.

ಈ ಬಗೆಯ ಕಾರಿಗೆ ಅಮೆರಿಕದವರು ಸೆಡಾನ್ ಎನ್ನುತ್ತಾರೆ, ಬ್ರಿಟನ್ನಿನವರು ಸಲೂನ್ ಎನ್ನುತ್ತಾರೆ. ಕನ್ನಡದಲ್ಲಿ ಸಲೂನ್ ಎಂದರೆ ಕ್ಷೌರದಂಗಡಿ. ಹಿಂದಿನ ರೈಲ್ವೆ ನೌಕರರಿಗೆ ದೊಡ್ಡ ಅಧಿಕಾರಿಗಳ ಬೋಗಿಯೂ ಹೌದು. ಸೆಡಾನ್ ಎಂಬುದು ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಇಬ್ಬರು ಹೊತ್ತೊಯ್ಯುತ್ತಿದ್ದ, ನಾಲ್ಕೂ ಕಡೆ ಮುಚ್ಚಿದ ಕುರ್ಚಿಯ ಹೆಸರು. ನಮ್ಮ ಮೇನೆಗೆ ಅದು ಬಹಳ ಹತ್ತಿರ. ವಚನಗಳಲ್ಲಿ ಬರುವ ‘ಅಂದಣ’ವೂ ಇದೇ ಕುಲದ್ದು. ಆದರೆ ನಮ್ಮ ಬೀದಿಯಲ್ಲಿ ಯಾರೂ ಸಲೂನ್ ಎನ್ನುವುದಿಲ್ಲ, ವಯಸ್ಸಾದವರು ಸೆಡಾನ್ ಎಂದೂ ಹೇಳುವುದಿಲ್ಲ. ‘ಹಿಂದೆ ಡಿಕ್ಕಿ ಇರುವ ಕಾರು’ ಎನ್ನುತ್ತಾರೆ. ಅಂದರೆ ಒಂದು ಇಡೀ ಬಗೆಯ ಕಾರನ್ನು ಕನ್ನಡಿಗರು ಗುರುತಿಸುವುದೇ ಡಿಕ್ಕಿಯಿಂದ. ಹಾಗಾಗಿ ಈ ಪದವನ್ನು ಕೈಬಿಟ್ಟು ಹೊಸದೊಂದನ್ನು ಕಟ್ಟೋಣ ಎನ್ನುವ ಸಲಹೆಗೆ ನಾನು ಸುಲಭವಾಗಿ ಒಪ್ಪಲಾರೆ.

ತೆರಿಗೆಯೂ ಈ ಡಿಕ್ಕಿಯ ಮೇಲೆ ಕೈ ಮಾಡಿದೆ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಮೀರದ, ಸಣ್ಣ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿದರು. ಆಮೇಲೆ ತಯಾರಕರು ಕಾರುಗಳ ಹಿಂಭಾಗವನ್ನು ಮೊಟಕು ಮಾಡತೊಡಗಿದರು. ಮಾರುತಿ ಸುಜುಕಿ ಡಿಜೈರ್ 2012ರಲ್ಲಿ 3,995 ಮಿಲಿಮೀಟರಿಗೆ ಕುಗ್ಗಿದಾಗ ಅದರ ಡಿಕ್ಕಿ 316 ಲೀಟರಿಗೆ ಇಳಿಯಿತು. ನಮ್ಮ ಇಟಿಯೋಸ್ 4,265 ಮಿಲಿಮೀಟರ್ ಉದ್ದವೇ ಉಳಿಯಿತು. ಅಪ್ಪನ ಆಯ್ಕೆಯನ್ನು ನೆನೆದಾಗಲೆಲ್ಲ ನನಗೆ ಈ ಲೆಕ್ಕವೂ ನೆನಪಾಗುತ್ತದೆ.

ಇನ್ನು ಪದಕ್ಕೆ ಬರುತ್ತೇನೆ. ಸಾಮಾನು ಇಡುವ ಡಿಕ್ಕಿ ಇಂಗ್ಲಿಷಿನಿಂದ ಬಂದದ್ದು. ಕುದುರೆ ಸಾರೋಟಿನಲ್ಲಿ ಸಾರಥಿ ಕೂರುವ ಜಾಗಕ್ಕೂ, ಹಿಂದುಗಡೆ ಆಳುಗಳು ಕೂರುವ ಜಾಗಕ್ಕೂ ಆ ಹೆಸರಿತ್ತು. ಮೋಟಾರು ಬಂದ ಮೇಲೆ ಕಾರಿನ ಹಿಂಭಾಗದ ಮುಚ್ಚಳ ಎತ್ತಿದರೆ ಬಿಚ್ಚಿಕೊಳ್ಳುವ ಹೊರಗಿನ ಆಸನಕ್ಕೆ ಅದು ಅಂಟಿತು. ಆಸನ ಹೋಯಿತು, ಮುಚ್ಚಳ ಉಳಿಯಿತು, ಹೆಸರೂ ಉಳಿಯಿತು. ಬ್ರಿಟನ್ನಿನಲ್ಲಿ ಇಂದು ಸಾಮಾನಿನ ಜಾಗಕ್ಕೆ ಯಾರೂ ಡಿಕ್ಕಿ ಎನ್ನುವುದಿಲ್ಲ, ಬೂಟ್ ಎನ್ನುತ್ತಾರೆ. ಆ ಬೂಟನ್ನು ನಾವು ತಂದುಕೊಂಡರೂ ಉಪಯೋಗವಿಲ್ಲ. ‘ಬೂಟ್ ತೆಗೆಯಿರಿ’ ಎಂದರೆ ಕನ್ನಡಿಗರು ಕಾಲಿನ ಕಡೆ ಬಗ್ಗುತ್ತಾರೆ.

ಅದೇ ಡಿಕ್ಕಿಯೊಳಗೆ ಮಲಗಿರುವ ಸ್ಟೆಪ್ನಿಯ ಕಥೆಯೂ ಹೀಗೆಯೇ ಇದೆ. ವೇಲ್ಸಿನ ಲ್ಯಾನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಹೊಸ ಬಗೆಯ ಬದಲಿ ಚಕ್ರವೊಂದನ್ನು ಮಾಡಿದರು. ಗಾಳಿ ಹೋದ ಚಕ್ರದ ಪಕ್ಕಕ್ಕೇ ಬಿಗಿಯುವ, ಅರಗಳಿಲ್ಲದ ಬರಿಯ ಬಳೆ ಅದು. ಬೀದಿಯ ಹೆಸರೇ ಚಕ್ರಕ್ಕೆ ಬಂತು. ಅಲ್ಲಿ ಮರೆತುಹೋದ ಆ ಪದವನ್ನು ನಮ್ಮ ಪಂಕ್ಚರ್ ಅಂಗಡಿಯ ಹುಡುಗ ದಿನಕ್ಕೆ ಹತ್ತು ಸಲ ಹೇಳುತ್ತಾನೆ. ಹೊರಗಿನಿಂದ ಬಂದ ಪದ ನಮ್ಮ ಬಾಯಲ್ಲಿ ಇಷ್ಟು ವರ್ಷ ಬದುಕಿದ್ದರೆ ಅದು ನಮ್ಮದೇ ಎಂದು ನಾನು ನಂಬುತ್ತೇನೆ. ಜಪಾನೀಯರೂ ಹೀಗೆ ಎರಡು ಊರಿನ ಮಾತನ್ನು ಒಂದೇ ಕಾರಿಗೆ ಹಾಕಿಕೊಂಡಿದ್ದಾರೆ. ಮುಂದಿನ ಮುಚ್ಚಳ ಅವರಿಗೆ ಬ್ರಿಟಿಷರ ಬಾನೆಟ್, ಹಿಂದಿನ ಪೆಟ್ಟಿಗೆ ಅಮೆರಿಕದವರ ಟ್ರಂಕ್, ಸ್ಟೇರಿಂಗ್ ಚಕ್ರಕ್ಕೆ ಹ್ಯಾಂಡಲ್. ಈ ಕಾರು ತಯಾರಿಸಿದವರಿಗೆ ಆ ಮಿಶ್ರಣ ತೊಡಕಾಗಿಲ್ಲ.

ತೊಡಕು ಇರುವುದು ಇನ್ನೊಂದು ಡಿಕ್ಕಿಯಿಂದ. ಅದು ಹೊರಗಿನಿಂದ ಬಂದದ್ದೆಂದು ನನಗೆ ಅನ್ನಿಸುವುದಿಲ್ಲ. ಟಗರು ಡಿಕ್ಕಿ ಹೊಡೆಯುತ್ತದೆ, ಕರು ತಾಯಿಯ ಕೆಚ್ಚಲಿಗೆ ಡಿಕ್ಕಿ ಹೊಡೆದು ಹಾಲು ಕುಡಿಯುತ್ತದೆ. ಎಳೆಯ ಮಗುವಿನ ಹಣೆಗೆ ಹಣೆ ತಾಗಿಸಿ ‘ಡೀ ಡಿಕ್ಕಿ’ ಎಂದು ಆಡಿಸದ ಅಜ್ಜಿ ನಮ್ಮ ಕಡೆ ಇಲ್ಲ. ಎಷ್ಟು ಮೆತ್ತನೆಯ ಪದ! ಅದನ್ನೇ ಪತ್ರಿಕೆಗಳು ಲಾರಿಗೆ, ಬಸ್ಸಿಗೆ ಕೊಟ್ಟವು. ಪೊಲೀಸರ ಬರವಣಿಗೆಯಲ್ಲಿ ಅದು ‘ಡಿಕ್ಕಿಪಡಿಸು’ ಎಂಬ ಕ್ರಿಯಾಪದವಾಯಿತು. ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು ಡಿಕ್ಕಿಪಡಿಸಿ ಜಖಂಗೊಳಿಸಿರುತ್ತಾನೆ’ ಎಂಬ ವಾಕ್ಯವನ್ನು ಠಾಣೆಯ ಬರಹಗಾರರು ಕಣ್ಣು ಮುಚ್ಚಿಕೊಂಡು ಬರೆಯಬಲ್ಲರು.

ನಾನು ಬಲ್ಲ ನೆರೆಭಾಷೆಗಳಲ್ಲಿ ಈ ಇಕ್ಕಟ್ಟಿಲ್ಲ. ತೆಲುಗಿನವರು ‘ಢೀಕೊಟ್ಟಿಂದಿ’ ಎನ್ನುತ್ತಾರೆ. ತಮಿಳಿನವರಿಗೆ ‘ಮೋದು’ ಇದೆ. ಆ ಧಾತು ನಮ್ಮಲ್ಲೂ ಇದೆ, ಆದರೆ ನಾವು ಅದನ್ನು ಕೋಲಿನಿಂದ ಬಡಿಯುವುದಕ್ಕೆ ಮೀಸಲಿಟ್ಟಿದ್ದೇವೆ. ಹಿಂದಿಯಲ್ಲಿ ‘ಟಕ್ಕರ್’. ಮೂವರೂ ಕಾರಿನ ಹಿಂಬದಿಗೆ ಡಿಕ್ಕಿ ಎಂದೇ ಹೇಳುತ್ತಾರೆ, ಅವರಿಗೆ ಗೊಂದಲವಿಲ್ಲ. ಅಪಘಾತಕ್ಕೂ ಪೆಟ್ಟಿಗೆಗೂ ಒಂದೇ ಅಕ್ಷರಗಳು ಬಂದು ಕೂತದ್ದು ನಮ್ಮಲ್ಲಿ.

ಆದರೂ ನಾವು ದಿನವೂ ಎರಡನ್ನೂ ಆಡುತ್ತೇವೆ, ಯಾರೂ ತಪ್ಪು ತಿಳಿಯುವುದಿಲ್ಲ. ಹೇಗೆ ಎಂದು ಕೆಲವು ದಿನ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ನೋಡಿದೆ. ಮೊದಲನೆಯದಾಗಿ ಕ್ರಿಯಾಪದ ಕಾಯುತ್ತದೆ. ಡಿಕ್ಕಿ ಹೊಡೆ, ಡಿಕ್ಕಿಯಾಗು, ಡಿಕ್ಕಿಪಡಿಸು ಎಂದಾಗ ಅಪಘಾತ. ಡಿಕ್ಕಿ ತೆಗೆ, ಡಿಕ್ಕಿ ಮುಚ್ಚು, ಡಿಕ್ಕಿಗೆ ಹಾಕು ಎಂದಾಗ ಪೆಟ್ಟಿಗೆ. ಷಷ್ಠಿಯೂ ಕಾಯುತ್ತದೆ: ‘ಕಾರು ಡಿಕ್ಕಿ’ ಎಂದರೆ ಅಪಘಾತ, ‘ಕಾರಿನ ಡಿಕ್ಕಿ’ ಎಂದರೆ ಪೆಟ್ಟಿಗೆ. ಬಹುವಚನ ಬಂದರೆ ಬಹುತೇಕ ಪೆಟ್ಟಿಗೆಯೇ.

ಸ್ಕೂಟರಿನ ಹತ್ತಿರ ಬಂದಾಗ ಈ ನಿಯಮ ಮುರಿಯಿತು. ‘ಸ್ಕೂಟರ್ ಡಿಕ್ಕಿಯಲ್ಲಿಟ್ಟಿದ್ದ ಹಣ ಕಳವು’ ಎಂದೂ ಅಚ್ಚಾಗುತ್ತದೆ, ‘ಸ್ಕೂಟರ್ ಡಿಕ್ಕಿ: ಪಾದಚಾರಿಗೆ ಗಾಯ’ ಎಂದೂ ಅಚ್ಚಾಗುತ್ತದೆ. ವ್ಯಂಜನದಲ್ಲಿ ಮುಗಿಯುವ ಇಂಗ್ಲಿಷ್ ಪದಗಳ ಮುಂದೆ ನಾವು ಷಷ್ಠಿ ಪ್ರತ್ಯಯವನ್ನು ಬಿಟ್ಟುಬಿಡುತ್ತೇವೆ. ಬಸ್ ಚಾಲಕ, ಸ್ಕೂಟರ್ ಚಕ್ರ, ಬೈಕ್ ಬೀಗ. ‘ಕಾರು’ ಮಾತ್ರ ಉಕಾರ ಪಡೆದು ಪೂರಾ ಕನ್ನಡದ ನಾಮಪದವಾಗಿ, ‘ಕಾರಿನ’ ಎಂದು ಪ್ರತ್ಯಯ ಬೇಡುತ್ತದೆ. ಇದು ನನಗೆ ಬಹಳ ಹಿಡಿಸಿದ ಸಂಗತಿ. ಪದವೊಂದು ಕನ್ನಡದ ಉಡುಪು ತೊಟ್ಟಾಗ ಅದರ ಪಕ್ಕದ ಪದದ ಅರ್ಥವೂ ತಿಳಿಯಾಗುತ್ತದೆ. ‘ಸ್ಕೂಟರಿನ ಡಿಕ್ಕಿಯಲ್ಲಿ’ ಎಂದು ಅಚ್ಚು ಮಾಡಿದರೆ ಅರ್ಧ ಗೊಂದಲ ಹೋಗುತ್ತದೆ.

ಸಪ್ತಮಿ ಮಾತ್ರ ಕೈ ಕೊಡುತ್ತದೆ. ‘ಕಾರಿನ ಡಿಕ್ಕಿಯಲ್ಲಿ ಇಬ್ಬರು’ ಎಂದು ನಿಲ್ಲಿಸಿದರೆ ಗಾಯಗೊಂಡವರೋ ಅಡಗಿ ಕುಳಿತವರೋ ತಿಳಿಯದು.

ಕೆಲವು ಪತ್ರಿಕೆಗಳು ಅಪಘಾತವನ್ನು ‘ಢಿಕ್ಕಿ’ ಎಂದು ಮಹಾಪ್ರಾಣದಲ್ಲಿ ಬರೆಯುತ್ತವೆ. ಕಣ್ಣಿಗೆ ಅದು ಅನುಕೂಲ. ಆದರೆ ಟಗರಿನ, ಕರುವಿನ, ಮಗುವಿನ ಡಿಕ್ಕಿಯನ್ನು ನಾನು ಅಲ್ಪಪ್ರಾಣದಲ್ಲೇ ಕೇಳಿ ಬೆಳೆದವಳು. ಬರವಣಿಗೆಯ ಅನುಕೂಲಕ್ಕೆ ಆ ಉಚ್ಚಾರವನ್ನು ಬಿಡಬೇಕೇ? ನನ್ನ ಒಲವು ಬೇರೆ ಕಡೆಗಿದೆ. ಎರಡೂ ಒಂದೇ ವಾಕ್ಯದಲ್ಲಿ ಬರುವಾಗ ಪೆಟ್ಟಿಗೆಯನ್ನು ಡಿಕ್ಕಿ ಎಂದೇ ಇಟ್ಟು, ಅಪಘಾತಕ್ಕೆ ‘ಗುದ್ದು’ ಅಥವಾ ‘ಹಾಯು’ ಎನ್ನೋಣ. ‘ಎತ್ತು ಹಾಯಿತು’ ಎನ್ನುವವರಿಗೆ ‘ಲಾರಿ ಹಾಯಿತು’ ಹೊಸದೇನಲ್ಲ. ‘ಸಾಮಾನುಗೂಡು’, ‘ಹಿಂಪೆಟ್ಟಿಗೆ’ ಮುಂತಾದ ಕಟ್ಟಿದ ಪದಗಳನ್ನು ಅಮ್ಮನ ಮುಂದೆ ಆಡಿ ನೋಡಿದೆ. ಅವರು ಎರಡನ್ನೂ ಅಡುಗೆಮನೆಯಲ್ಲಿ ಹುಡುಕಿದರು.

ಒಂದೇ ರೂಪದ ಎರಡು ಪದ ಕನ್ನಡಕ್ಕೆ ಭಾರವೇನಲ್ಲ. ‘ಕಾರು’ ಎಂಬುದನ್ನೇ ನೋಡಿ. ಹಾವು ವಿಷ ಕಾರುತ್ತದೆ, ಕಾರು ಮಳೆಯ ಕಾಲ, ಕಾರ ಹುಣ್ಣಿಮೆ, ಕಾರ್ಮುಗಿಲು. ಹಳೆಯ ಕಾರು ಹೊಗೆ ಕಾರುತ್ತದೆ. ಈ ಕೊನೆಯ ವಾಕ್ಯದಲ್ಲಿ ಯಾರೂ ಎಡವುವುದಿಲ್ಲ.

ಕೊನೆಗೆ ನನ್ನ ದೂರಿನಲ್ಲಿ ಬರೆದದ್ದು ಇಷ್ಟು: ‘ಸದರಿ ಆಟೊ ಹಿಂದಿನಿಂದ ಬಂದು ನಮ್ಮ ಕಾರಿಗೆ ಗುದ್ದಿದ್ದರಿಂದ ಡಿಕ್ಕಿಯ ಮುಚ್ಚಳ ನೆಗ್ಗಿದೆ, ತೆಗೆಯಲು ಬರುತ್ತಿಲ್ಲ.’ ನೆಗ್ಗು ಎಂಬ ಪದ ಬರೆಯುವಾಗ ಸಂತೋಷವಾಯಿತು. ಬಿಂದಿಗೆ ನೆಗ್ಗುತ್ತದೆ, ಪಾತ್ರೆ ನೆಗ್ಗುತ್ತದೆ, ಕಾರಿನ ತಗಡೂ ನೆಗ್ಗುತ್ತದೆ. ಟಿಂಕರಿಂಗ್ ಮಾಡುವ ಹಿರಿಯರು ‘ನೆಗ್ಗು ಎತ್ತಿಕೊಡುತ್ತೇನೆ, ಮುಚ್ಚಳ ಬದಲಿಸಬೇಡಿ’ ಎಂದರು. ಎರಡು ದಿನದಲ್ಲಿ ಎತ್ತಿಯೂ ಕೊಟ್ಟರು.

ಓಡಿಸುವಾಗ ಕಿವಿಗೆ ಬಿದ್ದ ಇನ್ನೆರಡು ಬಳಕೆಗಳನ್ನು ಇಲ್ಲೇ ಸೇರಿಸುತ್ತೇನೆ. ಇಟಿಯೋಸಿನಲ್ಲಿ ವೇಗ ತೋರಿಸುವ ಫಲಕ ಚಾಲಕರ ಎದುರಿಗೆ ಇಲ್ಲ, ಡ್ಯಾಶ್‌ಬೋರ್ಡಿನ ನಟ್ಟನಡುವೆ ಇದೆ. ಹಿಂದೆ ಕುಳಿತ ಅಮ್ಮನಿಗೂ ಅದು ಕಾಣುತ್ತದೆ. ‘ಮುಳ್ಳು ಎಂಬತ್ತು ದಾಟಿತು ನೋಡಮ್ಮ’ ಎಂದು ಅವರು ಎಚ್ಚರಿಸುತ್ತಾರೆ. ಗಡಿಯಾರಕ್ಕೆ, ತಕ್ಕಡಿಗೆ ಇದ್ದ ಮುಳ್ಳೇ ಕಾರಿಗೂ ಬಂದಿದೆ. ಅಂಕಿ ಮಾತ್ರ ತೋರಿಸುವ ಹೊಸ ಫಲಕಗಳಲ್ಲಿ ಮುಳ್ಳೇ ಇಲ್ಲ; ಅಲ್ಲಿ ಜನ ಏನು ಹೇಳುತ್ತಾರೆ?

ಇನ್ನೊಂದು, ‘ಕೊಡು’. ಊರಿಗೆ ಹೋದಾಗಲೆಲ್ಲ ಚಿಕ್ಕಪ್ಪ ಕೇಳುವ ಮೊದಲ ಪ್ರಶ್ನೆ, ‘ಲೀಟರಿಗೆ ಎಷ್ಟು ಕೊಡುತ್ತದೆ?’ ಮೈಸೂರಿನೊಳಗೆ ಹದಿಮೂರು, ಹೆದ್ದಾರಿಯಲ್ಲಿ ಹದಿನೇಳು ಎನ್ನುತ್ತೇನೆ. ಕೊಟ್ಟಿಗೆಯ ಹಸುವಿನ ಬಗ್ಗೆಯೂ ಅವರು ಕೇಳುವುದು ಅದನ್ನೇ, ಹೊತ್ತಿಗೆ ಎಷ್ಟು ಲೀಟರ್ ಕೊಡುತ್ತದೆ ಎಂದು. ಅಚ್ಚಿನಲ್ಲಿ ‘ಇಂಧನ ದಕ್ಷತೆ’ ಎಂದು ಬರೆಯುವವರಿಗೆ ನನ್ನ ವಿನಂತಿ: ‘ಲೀಟರಿಗೆ ಹದಿನೇಳು ಕಿಲೋಮೀಟರ್ ಕೊಡುತ್ತದೆ’ ಎಂದರೆ ಸಾಕು. ಮೈಲಿ ಹೋಗಿ ಕಿಲೋಮೀಟರ್ ಬಂದ ಮೇಲೂ ಉಳಿದ ‘ಮೈಲೇಜ್’ ಕೂಡ ಅಲ್ಲಿ ಬೇಕಾಗುವುದಿಲ್ಲ.

ಬಳಗದವರಿಂದ ನನಗೆ ತಿಳಿಯಬೇಕಾದದ್ದು ಇವು. ನಿಮ್ಮ ಊರಿನ ಮಾತಿನಲ್ಲಿ ಟಗರು ಹೊಡೆಯುವುದು ಡಿಕ್ಕಿಯೋ ಢಿಕ್ಕಿಯೋ? ಕರಾವಳಿಯವರು ಕಾರು ‘ಬಿಡುತ್ತಾರೆ’, ಉತ್ತರದವರು ಗಾಡಿ ‘ಹೊಡೆಯುತ್ತಾರೆ’. ಗಾಡಿ ಹೊಡೆಯುವ ಕಡೆ ಅಪಘಾತಕ್ಕೂ ‘ಹೊಡೆ’ಯನ್ನೇ ಬಳಸುತ್ತೀರಾ, ಅಥವಾ ಬೇರೆ ಕ್ರಿಯಾಪದ ಇದೆಯೇ? ಎತ್ತಿನ ಗಾಡಿಯಲ್ಲಿ ಹಿಂದುಗಡೆ ಸಾಮಾನು ಕಟ್ಟುತ್ತಿದ್ದ ಜಾಗಕ್ಕೆ ನಿಮ್ಮ ಹಿರಿಯರು ಏನಾದರೂ ಹೆಸರು ಹೇಳುತ್ತಿದ್ದರೆ ಅದನ್ನೂ ದಯವಿಟ್ಟು ಊರಿನ ಹೆಸರಿನೊಂದಿಗೆ ಬರೆಯಿರಿ. ಅಪ್ಪನನ್ನು ಕೇಳಿದೆ, ಅವರ ಗಾಡಿಯಲ್ಲಿ ಹಿಂದೆ ಕೂರುತ್ತಿದ್ದದ್ದು ಅವರೇ, ಸಾಮಾನು ಮುಂದೆ ಇರುತ್ತಿತ್ತಂತೆ.