ಸಕ್ಕರೆ ಕಾಯಿಲೆ, ಮೈತೂಕ ಮತ್ತು ಪಿತ್ತಕೋಶ: ವೈದ್ಯೆಯೊಂದಿಗೆ ಪ್ರಶ್ನೋತ್ತರ

ಸದಸ್ಯೆ, ದಾವಣಗೆರೆ: ನಮಸ್ಕಾರ ಡಾಕ್ಟರೇ. ನನಗೆ 46 ವರ್ಷ, ತೂಕ 88 ಕೆಜಿ, ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ. ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲುಗಳು ಕಂಡಿವೆ. ನೋವಿಲ್ಲ. ಇವು ಏಕೆ ಬಂದವು, ಆಪರೇಷನ್ ಬೇಕೇ?

ವೈದ್ಯೆ: ನಮಸ್ಕಾರ. ತೂಕ ಹೆಚ್ಚಿದಾಗ ಯಕೃತ್ತು ಪಿತ್ತರಸಕ್ಕೆ ಹೆಚ್ಚು ಕೊಲೆಸ್ಟ್ರಾಲ್ ಸೇರಿಸುತ್ತದೆ. ಕರಗದೆ ಉಳಿದದ್ದು ಹರಳುಗಟ್ಟುತ್ತದೆ. ಊಟದ ಜಿಡ್ಡು ಸಣ್ಣ ಕರುಳನ್ನು ತಲುಪಿದೊಡನೆ ಒಂದು ಹಾರ್ಮೋನ್ ಹೊರಟು ಪಿತ್ತಕೋಶವನ್ನು ಹಿಂಡಿಸಬೇಕು. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ನರಗಳು ಸೊರಗುವುದರಿಂದ ಆ ಹಿಂಡುವಿಕೆ ದುರ್ಬಲವಾಗಿ, ರಸವು ಒಳಗೇ ನಿಂತು ಮಂದವಾಗುತ್ತದೆ. ನೋವಿಲ್ಲದ ಕಲ್ಲಿಗೆ, ಸಕ್ಕರೆ ಕಾಯಿಲೆ ಇದೆ ಎಂಬ ಒಂದೇ ಕಾರಣದಿಂದ, ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ.

ಸದಸ್ಯ, ಹಾಸನ: ಐದು ದಿನ ಸೇಬಿನ ರಸ, ಆರನೆಯ ದಿನ ಎಪ್ಸಮ್ ಉಪ್ಪು, ರಾತ್ರಿ ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದರೆ ಬೆಳಿಗ್ಗೆ ಹಸಿರು ಕಲ್ಲುಗಳು ಬೀಳುತ್ತವೆ ಎಂಬ ಸಂದೇಶ ಬಂದಿದೆ. ನಮ್ಮ ಭಾವನವರಿಗೆ ಬಿದ್ದಿವೆ.

ವೈದ್ಯೆ: ಅವು ಕಲ್ಲುಗಳಲ್ಲ; ಎಣ್ಣೆ ಮತ್ತು ನಿಂಬೆರಸ ಕರುಳಿನಲ್ಲಿ ಸೇರಿ ಆದ ಸಾಬೂನಿನಂಥ ಉಂಡೆಗಳು. ಐದು ದಿನ ಹಣ್ಣಿನ ರಸ ಕುಡಿದರೆ ರಕ್ತದ ಸಕ್ಕರೆ ಏರುತ್ತದೆ, ಅಷ್ಟು ಎಣ್ಣೆ ಒಮ್ಮೆಗೇ ಹೋದರೆ ಪಿತ್ತಕೋಶ ಜೋರಾಗಿ ಹಿಂಡಿಕೊಂಡು ನಿಜವಾದ ಕಲ್ಲು ನಾಳದಲ್ಲಿ ಸಿಕ್ಕಿಕೊಳ್ಳಬಹುದು. ಇದನ್ನು ಈ ತಿಂಗಳಲ್ಲೇ ನಾಲ್ಕನೆಯ ಬಾರಿ ಬರೆಯುತ್ತಿದ್ದೇನೆ. ದಯವಿಟ್ಟು ಹಂಚಬೇಡಿ.

ಸದಸ್ಯ, ಮಂಡ್ಯ: ಬಾಳೆದಿಂಡಿನ ರಸವನ್ನಾದರೂ ಕುಡಿಯಬಹುದಲ್ಲವೇ ಮೇಡಂ?

ಸದಸ್ಯೆ, ಧಾರವಾಡ: ಅದನ್ನು ಹೇಳುವುದು ಮೂತ್ರಪಿಂಡದ ಕಲ್ಲಿಗೆ. ಅದೇ ಬೇರೆ, ಇದೇ ಬೇರೆ.

ಸದಸ್ಯ, ಮಂಡ್ಯ: ನಾನು ಕೇಳಿದ್ದು ಡಾಕ್ಟರನ್ನು. ನಮ್ಮ ಅಜ್ಜಿಯ ಕಾಲದಿಂದ ಕುಡಿಯುತ್ತಿದ್ದೇವೆ.

ಸದಸ್ಯೆ, ಧಾರವಾಡ: ನಿಮ್ಮ ಅಜ್ಜಿಯವರಿಗೆ ಸ್ಕ್ಯಾನಿಂಗ್ ಮಾಡಿಸಿದ್ದಿರೇ?

ಸದಸ್ಯೆ, ಶಿವಮೊಗ್ಗ: ಅಪ್ಪನಿಗೆ 69 ವರ್ಷ, 22 ವರ್ಷಗಳ ಸಕ್ಕರೆ ಕಾಯಿಲೆ. ನಡೆಯುವಾಗ ಕಾಲಿನಿಂದ ಚಪ್ಪಲಿ ಕಳಚಿದರೂ ಅವರಿಗೆ ತಿಳಿಯುವುದಿಲ್ಲ. ಪಿತ್ತಕೋಶದಲ್ಲಿ ಹಳೆಯ ಕಲ್ಲಿದೆ. ಎರಡು ದಿನಗಳಿಂದ ಹೊಟ್ಟೆ ಭಾರ ಎನ್ನುತ್ತಾರೆ, ನೋವು ಎನ್ನುವುದಿಲ್ಲ. ಗಂಜಿಯೂ ಸೇರುತ್ತಿಲ್ಲ, ಚಳಿಜ್ವರ 101, ಸಕ್ಕರೆ 340. ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟಿದ್ದೇವೆ. ಸೋಮವಾರದವರೆಗೆ ಕಾಯಬಹುದೇ?

ವೈದ್ಯೆ: ಕಾಯಬೇಡಿ, ಈ ರಾತ್ರಿಯೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಚಪ್ಪಲಿ ಕಳಚಿದ್ದು ತಿಳಿಯದಷ್ಟು ನರಗಳು ಸೊರಗಿದವರಿಗೆ ಹೊಟ್ಟೆಯೊಳಗಿನ ನೋವೂ ಮಂದವಾಗಿಯೇ ತಿಳಿಯಬಹುದು, ಆದ್ದರಿಂದ ಅವರ "ಭಾರ" ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಕಲ್ಲು ಪಿತ್ತಕೋಶದ ಬಾಯಿಯಲ್ಲಿ ಸಿಕ್ಕಿಕೊಂಡು ಗೋಡೆ ಊದಿಕೊಂಡಿರುವ ಶಂಕೆ ನನಗಿದೆ. ಸಕ್ಕರೆ ಕಾಯಿಲೆಯವರಲ್ಲಿ ಆ ಗೋಡೆ ಕೊಳೆಯುವ, ತೂತಾಗುವ, ಕೆಲವೊಮ್ಮೆ ಅದರೊಳಗೆ ಅನಿಲ ತುಂಬುವ ಅಪಾಯ ಉಳಿದವರಿಗಿಂತ ಹೆಚ್ಚು. 340 ಎಂಬುದು ಸೋಂಕಿನಿಂದಲೇ ಏರಿರಬಹುದು. ಸೋಂಕು ಇಳಿಯದೆ ಅದು ಹಿಡಿತಕ್ಕೆ ಬರುವುದು ಕಷ್ಟ. ಹೊರಡುವ ಮೊದಲು ಕಣ್ಣಿನ ಬಿಳಿಭಾಗವನ್ನು ಬೆಳಕಿನಲ್ಲಿ ನೋಡಿ. ಹಳದಿಯಾಗಿದ್ದರೆ ಅಲ್ಲಿ ಮೊದಲು ಅದನ್ನೇ ಹೇಳಿ. ಇನ್ನು ಏನನ್ನೂ ತಿನ್ನಿಸಬೇಡಿ.

ಸದಸ್ಯ, ರಾಯಚೂರು: ನನಗೂ ಕಲ್ಲಿದೆ, ನೋವಿಲ್ಲ. ಆಪರೇಷನ್ ಬೇಕೇ?

ವೈದ್ಯೆ: ಮೊದಲ ಉತ್ತರವನ್ನು ಓದಿ.

ಸದಸ್ಯೆ, ಬೆಂಗಳೂರು: ಸೆಮಾಗ್ಲುಟೈಡ್ ಚುಚ್ಚುಮದ್ದಿನೊಂದಿಗೆ ದಿನಕ್ಕೊಂದೇ ಊಟ ಮಾಡಿ ಒಂದು ತಿಂಗಳಲ್ಲಿ 9 ಕೆಜಿ ಇಳಿಸಿದ್ದೇನೆ. ಇನ್ನು ಕಲ್ಲಿನ ಭಯವಿಲ್ಲವಲ್ಲ?

ವೈದ್ಯೆ: ಭಯ ಹೆಚ್ಚಿದೆ. ವಾರಕ್ಕೆ ಒಂದೂವರೆ ಕೆಜಿಗಿಂತ ವೇಗವಾಗಿ ಇಳಿದರೆ ಕಲ್ಲಾಗುವ ಸಂಭವ ಏರುತ್ತದೆ, ಊಟ ತಪ್ಪಿಸಿದರೆ ಪಿತ್ತಕೋಶ ಖಾಲಿಯಾಗುವುದಿಲ್ಲ, ಆ ಮದ್ದಿಗೂ ಪಿತ್ತಕೋಶದ ತೊಂದರೆಗೂ ನಂಟಿದೆ. ಮದ್ದು ಬರೆದವರಿಗೆ ಇದನ್ನು ತಿಳಿಸಿ, ಹೊತ್ತಿಗೆ ಸರಿಯಾಗಿ ಉಣ್ಣಿ.

ಸದಸ್ಯ, ಕಲಬುರಗಿ: ಪಿತ್ತಕೋಶ ತೆಗೆದ ಮೇಲೆ ತುಪ್ಪ ತಿನ್ನಬಹುದೇ?

ಸದಸ್ಯ, ಮಂಡ್ಯ: ಬಾಳೆದಿಂಡಿನ ಬಗ್ಗೆ ಇನ್ನೂ ಉತ್ತರ ಬಂದಿಲ್ಲ. ಇಂಗ್ಲಿಷ್ ಔಷಧದವರಿಗೆ ನಮ್ಮ ಮನೆಮದ್ದು ಕಂಡರಾಗುವುದಿಲ್ಲ.

ವೈದ್ಯೆ: ಪಲ್ಯ ಮಾಡಿ ತಿನ್ನಿ, ಒಳ್ಳೆಯದು. ಕಲ್ಲು ಕರಗುವುದಿಲ್ಲ. ಒಬ್ಬರ ತಂದೆಯ ಪ್ರಾಣದ ಮಾತು ನಡೆಯುತ್ತಿರುವಾಗ ಇದನ್ನು ಇಲ್ಲಿಗೆ ನಿಲ್ಲಿಸಿ.

ಸದಸ್ಯೆ, ಶಿವಮೊಗ್ಗ: ದಾಖಲಿಸಿಕೊಂಡಿದ್ದಾರೆ. ಗೋಡೆ ದಪ್ಪವಾಗಿದೆ, ಸುತ್ತ ನೀರು ನಿಂತಿದೆ ಎಂದರು. ಕಣ್ಣು ಹಳದಿಯಾಗಿಲ್ಲ.

ವೈದ್ಯೆ: ಒಳ್ಳೆಯದಾಯಿತು. ಅವರು ನುಂಗುವ ಮಾತ್ರೆಗಳನ್ನೆಲ್ಲ ಅಲ್ಲಿನ ವೈದ್ಯರಿಗೆ ತೋರಿಸಿ. ಡಾಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಈಗಲೇ ಹೇಳಿ, ಬೆಳಗಿನವರೆಗೆ ಬಿಡಬೇಡಿ.