ಸಹಾಯ ಬೇಕು: 3,35,50,336 ಮತ್ತು ಬೆಸ ಸಂಖ್ಯೆಗಳ ಘನಗಳು
ಸದಸ್ಯರಿಗೆ ನಮಸ್ಕಾರ. 6, 28, 496, 8128ರ ನಂತರ ಬರುವ ಐದನೇ ಪರಿಪೂರ್ಣ ಸಂಖ್ಯೆಯಾದ 3,35,50,336ರ ಕುರಿತು ಹತ್ತನೇ ತರಗತಿಯ ಮಕ್ಕಳಿಗಾಗಿ ಟಿಪ್ಪಣಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. 2ರ 12ನೇ ಘಾತವನ್ನು 8191 ಎಂಬ ಅವಿಭಾಜ್ಯ ಸಂಖ್ಯೆಯಿಂದ ಗುಣಿಸಿದಾಗ ದೊರೆಯುವ ಇದಕ್ಕೆ 26 ಅಪವರ್ತನಗಳಿದ್ದು, ತನ್ನನ್ನು ಬಿಟ್ಟು ಉಳಿದ 25ನ್ನು ಕೂಡಿದರೆ ಮತ್ತೆ ಅದೇ ಸಂಖ್ಯೆ ಬರುತ್ತದೆ; ಪರಿಪೂರ್ಣ ಸಂಖ್ಯೆ ಎನ್ನುವುದು ಇದಕ್ಕಾಗಿಯೇ. 1ರಿಂದ 8191ರವರೆಗಿನ ಮೊತ್ತವೂ ಇದೇ ಆದ್ದರಿಂದ ಇದು ತ್ರಿಕೋನ ಸಂಖ್ಯೆಯೂ ಹೌದು; ಸಮಾಂತರ ಶ್ರೇಢಿ ಕಲಿತ ಮಕ್ಕಳಿಗೆ ಇಷ್ಟು ಸುಲಭ.

ತೊಡಕಿರುವುದು ಮುಂದಿನದರಲ್ಲಿ. 1ರಿಂದ 127ರವರೆಗಿನ 64 ಬೆಸ ಸಂಖ್ಯೆಗಳ ಘನಗಳ ಮೊತ್ತವೂ ಇದೇ ಆಗುತ್ತದೆ. ಸೂತ್ರ ಹಾಕಿ ಉತ್ತರ ತೆಗೆಯಬಹುದಾದರೂ, ಗಣಿತೀಯ ಅನುಗಮನವನ್ನು (ಒಂದು ಸಂಖ್ಯೆಗೆ ನಿಜವಾದದ್ದು ಮುಂದಿನದಕ್ಕೂ ನಿಜವೆಂದು ತೋರಿಸಿ ಸಾಧಿಸುವ ವಿಧಾನವನ್ನು) ಇನ್ನೂ ಕಲಿಯದವರಿಗೆ ಚಿತ್ರದ ಮೂಲಕವೋ ಘನಗಳ ಜೋಡಣೆಯ ಮೂಲಕವೋ ಅದರ ಕಾರಣವನ್ನು ಮನಗಾಣಿಸುವ ಬಗೆ ತಿಳಿದವರು ದಯವಿಟ್ಟು ಹಂತಹಂತವಾಗಿ ಬರೆದು ತಿಳಿಸಬೇಕೆಂದು ಕೋರುತ್ತೇನೆ. (ಇದರ ಅಂಕಿಗಳ ಮೊತ್ತ 28, ಅದೂ ಪರಿಪೂರ್ಣ ಸಂಖ್ಯೆಯೇ, ಇದು ಬರೀ ಕಾಕತಾಳೀಯವೆಂದು ನನ್ನ ಎಣಿಕೆ.)